ಸೋಗೆ ಯಾರ ಪಾತ್ರ? ತುಮಕೂರಿನ ಒಂದು ಪ್ರಶಸ್ತಿಯ ಪ್ರಕರಣ

ಈ ಪ್ರಕರಣ ತುಮಕೂರಿನದು. ಸೂಪರ್‌ಹೀರೋಗಳನ್ನು ಇಟ್ಟುಕೊಂಡು ಫ್ಯಾನ್ ಫಿಕ್ಷನ್, ಅಂದರೆ ಬೇರೆಯವರು ಸೃಷ್ಟಿಸಿದ ಪಾತ್ರಗಳ ಮೇಲೆ ಅಭಿಮಾನಿಗಳೇ ಬರೆಯುವ ಕಥೆ, ಬರೆಯುವ ಒಂದು ಸಣ್ಣ ಬಳಗ ಅಲ್ಲಿದೆ. ವರ್ಷಕ್ಕೊಮ್ಮೆ ತಮ್ಮ ಬರಹಗಾರರಿಗೂ ಅವರ ಪಾತ್ರಗಳಿಗೂ ಪ್ರಶಸ್ತಿ ಕೊಡುತ್ತಾರೆ. ಒಂದು ವರ್ಷ ‘ಒಳ್ಳೆಯ ಹೊಸ ಪಾತ್ರ’ ಪ್ರಶಸ್ತಿ ಸೋಗೆ ಎಂಬ ಹುಡುಗಿಯ ಪಾತ್ರಕ್ಕೆ ಬಂತು. ಪ್ರಶಸ್ತಿ ಕೊಟ್ಟು ವಾರ ಕಳೆಯುವುದರೊಳಗೆ, ಆ ಪಾತ್ರವನ್ನು ಹುಟ್ಟಿಸಿದ್ದು ಯಾರು ಎಂಬ ತಕರಾರು ಎದ್ದಿತು.

ನಾನು ಆ ಬಳಗದ ಸದಸ್ಯನಲ್ಲ, ಅವರ ಕಥೆಗಳ ಓದುಗ. ಎರಡೂ ಕಡೆಯವರು ಒಪ್ಪಿದ ಮೇಲೆ, ಇದ್ದ ಕಾಗದಪತ್ರ ನೋಡಿ, ಎಲ್ಲರ ಹತ್ತಿರ ಮಾತಾಡಿ ಇದನ್ನು ಬರೆದಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಕಥೆ ಬರೆದ ಹುಡುಗನನ್ನು ಅಣ್ಣ, ತಕರಾರಿನ ಇನ್ನೊಂದು ಕಡೆಯ ಹುಡುಗಿಯನ್ನು ತಂಗಿ ಅಂತಲೇ ಕರೆಯುತ್ತೇನೆ. ಅವರು ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು. ಅಣ್ಣ ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದ. ತಂಗಿ ತಿಪಟೂರು ಕಡೆಯ ಹಳ್ಳಿಯಲ್ಲಿ ಹೈಸ್ಕೂಲು.

ಬಳಗ ಮತ್ತು ಪ್ರಶಸ್ತಿ

ಬಳಗದಲ್ಲಿ ಕಾಲೇಜು ಹುಡುಗ ಹುಡುಗಿಯರೇ ಜಾಸ್ತಿ. ಜೊತೆಗೆ ಒಬ್ಬರು ಶಾಲಾ ಮೇಡಂ, ಒಬ್ಬರು ಬ್ಯಾಂಕಿನವರು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾ ಮೊಬೈಲಿನಲ್ಲೇ ಕಥೆ ಬರೆಯುವ ಇಬ್ಬರು ಮೂವರು ಇದ್ದಾರೆ. ಬ್ಯಾಟ್‌ಮ್ಯಾನ್ ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುತ್ತಾನೆ. ಸೂಪರ್‌ಮ್ಯಾನ್ ಪಾವಗಡದ ಸೋಲಾರ್ ಫಲಕಗಳ ಮೇಲೆ ನಿಂತು ಬಿಸಿಲು ಕುಡಿಯುತ್ತಾನೆ. ಅವನ ಶಕ್ತಿಯೆಲ್ಲ ಸೂರ್ಯನಿಂದ ಬರುವುದರಿಂದ ಅವನಿಗೆ ಪಾವಗಡಕ್ಕಿಂತ ಒಳ್ಳೆಯ ಊರು ಇನ್ಯಾವುದಿದೆ ಎಂದು ಆ ಕಥೆ ಬರೆದವರು ನನ್ನ ಹತ್ತಿರ ವಾದಿಸಿದರು. ನಾನು ಒಪ್ಪಿದೆ.

ಬೇರೆಯವರ ಪಾತ್ರ ತಗೊಂಡು ಬರೆಯುವುದೂ ಒಂದು ಬರವಣಿಗೆಯಾ ಅಂತ ಕೇಳುವವರಿದ್ದಾರೆ. ತುಮಕೂರು ಜಿಲ್ಲೆಯವರು ಈ ಪ್ರಶ್ನೆ ಕೇಳಬಾರದು ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಊರೂರಿನಲ್ಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ಭೀಮ ದುರ್ಯೋಧನರು ವ್ಯಾಸರ ಮನೆಯಿಂದ ಪಂಪ, ರನ್ನ, ಕುಮಾರವ್ಯಾಸರ ಮನೆ ಹೊಕ್ಕು, ಅಲ್ಲಿಂದ ಮೂಡಲಪಾಯ ಯಕ್ಷಗಾನಕ್ಕೂ ಗುಬ್ಬಿ ನಾಟಕ ಕಂಪನಿಗೂ ಬಂದು, ಕೊನೆಗೆ ನಮ್ಮೂರ ನಾಟಕದ ಮೇಷ್ಟ್ರ ಹಾರ್ಮೋನಿಯಂ ಮುಂದೆ ನಿಂತವರು. ಪ್ರತಿ ಮನೆಯಲ್ಲೂ ಏನೋ ಒಂದು ಸೇರಿಸಿಕೊಂಡೇ ಬಂದಿದ್ದಾರೆ.

ಪ್ರಶಸ್ತಿಗೆ ದುಡ್ಡಿಲ್ಲ. ಬರಹಗಾರರಿಗೆ ಪುಸ್ತಕ, ಒಂದು ಪ್ರಮಾಣಪತ್ರ. ಪಾತ್ರಕ್ಕೆ ಸಿಗುವುದು ಒಂದು ಚಿತ್ರ. ಬಳಗದ ಒಬ್ಬ ಚಿತ್ರಕಲಾ ವಿದ್ಯಾರ್ಥಿನಿ ಗೆದ್ದ ಪಾತ್ರವನ್ನು ಬಣ್ಣದಲ್ಲಿ ಬರೆದು, ಕಟ್ಟು ಹಾಕಿಸಿ ಕೊಡುತ್ತಾಳೆ. ಚಿತ್ರದ ಕೆಳಗೆ ಪಾತ್ರದ ಹೆಸರು, ಅದರ ಕೆಳಗೆ ‘ಸೃಷ್ಟಿ’ ಎಂದು ಬರೆದು ಒಬ್ಬರ ಹೆಸರು. ತಕರಾರಿಗೆ ಕಾರಣವಾದದ್ದು ಈ ಒಂದು ಸಾಲು.

ಅಭಿಮಾನಿಗಳು ತಾವೇ ಪ್ರಶಸ್ತಿ ಕೊಟ್ಟುಕೊಳ್ಳುವುದು ಹೊಸದೇನಲ್ಲ. ಅಮೆರಿಕದ ಕಾಮಿಕ್ಸ್ ಅಭಿಮಾನಿಗಳು 1961ರ ಕಾಮಿಕ್ಸ್‌ಗಳಿಗೆ ಆ್ಯಲಿ ಪ್ರಶಸ್ತಿ ಶುರು ಮಾಡಿದರು. ವೃತ್ತಿಯವರ ಐಸ್ನರ್ ಪ್ರಶಸ್ತಿ ಬಂದದ್ದು 1988ರಲ್ಲಿ, ಅಂದರೆ ಅಭಿಮಾನಿಗಳೇ ಮುಂದಿದ್ದರು. 2019ರಲ್ಲಿ ಫ್ಯಾನ್ ಫಿಕ್ಷನ್‌ನ ದೊಡ್ಡ ಸಂಗ್ರಹವಾದ ಆರ್ಕೈವ್ ಆಫ್ ಅವರ್ ಓನ್‌ಗೆ ವೈಜ್ಞಾನಿಕ ಕಥೆಗಳ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋವೇ ಬಂತು. ಅಲ್ಲಿ ಕಥೆ ಹಾಕಿದ್ದ ಎಷ್ಟೋ ಜನ ‘ನಾನೂ ಹ್ಯೂಗೋ ಗೆದ್ದೆ’ ಎಂದು ಖುಷಿಪಟ್ಟರು. ಪ್ರಶಸ್ತಿ ಬಂದಿರುವುದು ಸಂಗ್ರಹಕ್ಕೆ, ಒಬ್ಬೊಬ್ಬ ಬರಹಗಾರರಿಗಲ್ಲ ಎಂದು ಹ್ಯೂಗೋದವರು ಹೇಳಬೇಕಾಯಿತು. ಎಷ್ಟೋ ಕೈಗಳು ಸೇರಿ ಮಾಡಿದ್ದಕ್ಕೆ ಪ್ರಶಸ್ತಿ ಬಂದಾಗ ಅದು ಯಾರದು ಎಂಬ ಜಗಳ ಅಷ್ಟು ದೊಡ್ಡ ಮಟ್ಟದಲ್ಲೂ ನಡೆದಿದೆ.

ಗೆದ್ದ ಕಥೆ

ಕಥೆಯಲ್ಲಿ ಪೀಟರ್ ಪಾರ್ಕರ್, ಅಂದರೆ ಬಲೆ ಎಸೆದು ಜೋತಾಡುವ ಸ್ಪೈಡರ್‌ಮ್ಯಾನ್, ಕೊಬ್ಬರಿ ಮಾರುಕಟ್ಟೆಯ ಫೋಟೋ ತೆಗೆಯಲು ತಿಪಟೂರಿಗೆ ಬರುತ್ತಾನೆ. ನ್ಯೂಯಾರ್ಕಿನ ಹಾಗೆ ಜೋತುಬೀಳಲು ಇಲ್ಲಿ ಎತ್ತರದ ಕಟ್ಟಡಗಳಿಲ್ಲ. ಇರುವುದೆಲ್ಲ ತೆಂಗಿನ ಮರ. ತೆಂಗಿಗೆ ಕೊಂಬೆ ಇಲ್ಲ, ಒಣಗಿದ ಗರಿಗೆ ಬಲೆ ಎಸೆದರೆ ಗರಿಯ ಸಮೇತ ನೆಲಕ್ಕೆ. ಮೊದಲ ಪುಟದಲ್ಲೇ ಹಾಗೆ ಬಿದ್ದವನನ್ನು ಎತ್ತುವವಳು ಸೋಗೆ. ಕಾಯಿ ಕೀಳುವವನ ಮಗಳು.

ಸೋಗೆಯ ಶಕ್ತಿ ಅವಳ ಕಿವಿಯಲ್ಲಿದೆ. ತಿಪಟೂರಿನ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ಗೊತ್ತಿದ್ದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಎಂಟು ತಿಂಗಳಿಂದ ವರ್ಷದವರೆಗೂ ಆಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಟುಕು, ಅಂದರೆ ಹಾಗೆ ಬಿಡಿಸಿಕೊಂಡ ಕೊಬ್ಬರಿ ಉಂಡೆ, ಒಳಗೆ ಲೊಟಲೊಟ ಅನ್ನುತ್ತದೆ. ಅಲ್ಲಿಗೆ ಕೊಬ್ಬರಿ ಆಯಿತು. ಅನುಭವ ಇದ್ದವರು ಸದ್ದಿನಲ್ಲೇ ಇನ್ನೂ ಹಸಿ ಇದೆಯಾ, ಕೆಟ್ಟಿದೆಯಾ ಅಂತ ಹೇಳುತ್ತಾರೆ. ಸೋಗೆಗೆ ಅಲ್ಲಾಡಿಸುವ ಅಗತ್ಯವೂ ಇಲ್ಲ. ಯಾವ ವಸ್ತುವಿನ ಒಳಗೆ ಏನಿದೆ ಅನ್ನುವುದು ಅವಳಿಗೆ ಕೇಳಿಸುತ್ತದೆ. ಗೋಡೆಯೊಳಗಿನ ಬಿರುಕು, ಲಾರಿಯ ಮೂಟೆಯೊಳಗಿನ ಕಲ್ಲು, ಮನುಷ್ಯನ ಎದೆಯೊಳಗಿನ ಹೆದರಿಕೆ.

ಖಳ ಮಿಸ್ಟೀರಿಯೊ. ಹೊಗೆ ಎಬ್ಬಿಸಿ, ಇಲ್ಲದ್ದನ್ನು ಇದೆ ಅಂತ ತೋರಿಸಿ ಕಣ್ಣು ಕಟ್ಟುವವನು. ಕಣ್ಣು ಸೋತ ಕಡೆ ಕಿವಿ ಗೆಲ್ಲುತ್ತದೆ. ಆದರೆ ಸೋಗೆಗೂ ಒಂದು ಮಿತಿ ಇದೆ. ಸುಳ್ಳು ಅವಳಿಗೆ ಕೇಳಿಸುವುದಿಲ್ಲ. ಮಿಸ್ಟೀರಿಯೊ ಅದನ್ನು ಕಂಡುಹಿಡಿದು, ಮಾಯೆ ಗೀಯೆ ಎಲ್ಲ ಬಿಟ್ಟು, ಅವಳ ಎದುರು ಕೂತು ಸುಮ್ನೆ ಒಂದು ಸುಳ್ಳು ಹೇಳುತ್ತಾನೆ. ಅವಳು ನಂಬುತ್ತಾಳೆ. ಇಡೀ ಕಥೆಯಲ್ಲಿ ಮೈ ಜುಮ್ಮೆನ್ನಿಸಿದ ಜಾಗ ಅದೇ. ಆ ವರ್ಷದ ಕಥೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿರಲಿಲ್ಲ. ‘ಒಳ್ಳೆಯ ಕಥೆ’, ‘ಒಳ್ಳೆಯ ಹೊಸ ಪಾತ್ರ’ ಎರಡೂ ಅಣ್ಣನಿಗೆ ಬಂದವು.

ತಕರಾರು

ತಂಗಿ ಯಾರಿಗೂ ದೂರು ಹೇಳಲಿಲ್ಲ. ಅಣ್ಣ ಚಿತ್ರವನ್ನು ಊರಿಗೆ ತಂದು ತೋರಿಸಿದಾಗ ಅವಳು ಅದನ್ನು ತುಂಬಾ ಹೊತ್ತು ನೋಡಿ, ಊಟಕ್ಕೆ ಬರಲಿಲ್ಲವಂತೆ. ಅವಳ ಅಮ್ಮ ಕಾರಣ ಕೇಳಿ ತಿಳಿದುಕೊಂಡು ಬಳಗದ ಮೇಡಂಗೆ ಫೋನ್ ಮಾಡಿದರು. ಮೇಡಂ ನನಗೆ ಹೇಳಿದ ಹಾಗೆ ಆ ತಾಯಿಯ ಮಾತು ಹೀಗಿತ್ತು: ‘ಪ್ರಶಸ್ತಿ ವಾಪಸ್ ತಗೊಳ್ಳಿ ಅಂತ ನಾನು ಹೇಳ್ತಿಲ್ಲ ಮೇಡಂ. ಅವನೂ ನಮ್ಮ ಮಗನೇ. ಆದ್ರೆ ಆ ಹುಡುಗೀನ ನಮ್ಮ ಪುಟ್ಟಿ ಎರಡು ವರ್ಷದಿಂದ ನೋಟ್‌ಬುಕ್‌ನಲ್ಲಿ ಬರೀತಿದ್ದಾಳೆ. ಅವಳ ಹೆಸರು ಎಲ್ಲೂ ಇಲ್ವಲ್ಲ.’

ಅಣ್ಣನನ್ನು ಕರೆದು ಕೇಳಿದರು. ಅವನು ಸುಳ್ಳು ಹೇಳಲಿಲ್ಲ. ತಂಗಿಯ ಜೊತೆ ಮಾತಾಡಿದ್ದು ನಿಜ ಅಂದ. ಆದರೆ ಅವನ ವಾದವೂ ಗಟ್ಟಿಯಾಗಿತ್ತು. ಕಥೆಯ ಒಂದು ಸಾಲನ್ನೂ ಅವಳು ಬರೆದಿಲ್ಲ. ಸೋಗೆ ಮಾತಾಡುವ ತಿಪಟೂರಿನ ಮಾತು, ಅವಳ ನಡಿಗೆ, ಸಿಟ್ಟು ಎಲ್ಲ ತನ್ನದು. ಸೋಗೆ ಎಂಬ ಹೆಸರೂ ತಾನೇ ಇಟ್ಟದ್ದು. ‘ಆ ಅಟ್ಟ ನಮ್ಮ ತಾತನ ಮನೇದು ಸರ್. ನಾನೂ ಅಲ್ಲೇ ಕಾಯಿ ಅಲ್ಲಾಡಿಸಿ ಬೆಳೆದೋನು. ಅದು ಅವಳೊಬ್ಬಳದೇ ಹೇಗಾಗುತ್ತೆ?’ ಅಂದ.

ಬಳಗದವರು ಇಬ್ಭಾಗವಾದರು. ಬ್ಯಾಂಕಿನವರು ಕಾನೂನಿನ ಮಾತು ತೆಗೆದರು. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ: ಬರೀ ಕಲ್ಪನೆಗೆ, ವಸ್ತುವಿಗೆ ಕೃತಿಸ್ವಾಮ್ಯ ಇಲ್ಲ. ಅದನ್ನು ಬರೆದು ರೂಪ ಕೊಟ್ಟ ಬಗೆಗೆ ಮಾತ್ರ ಇದೆ. ಹಾಗೆ ನೋಡಿದರೆ ಪಾತ್ರ ಅಣ್ಣನದೇ. ಅವರ ಮಾತು ಕಾನೂನಿನ ಮಟ್ಟಿಗೆ ಸರಿ. ಅದೇ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್, ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕನ್ನು ಲೇಖಕರಿಗೇ ಉಳಿಸುತ್ತದೆ. ಅಂದರೆ ದುಡ್ಡು ಬೇರೆ, ಹೆಸರು ಬೇರೆ ಎಂದು ಕಾನೂನಿಗೂ ಗೊತ್ತಿದೆ. ತಿಪಟೂರಿನ ತಾಯಿ ಕೇಳಿದ್ದು ಹೆಸರನ್ನು ಮಾತ್ರ.

ಇದೇ ಜಗಳ ಸ್ಪೈಡರ್‌ಮ್ಯಾನ್‌ನ ಮನೆಯಲ್ಲೂ ನಡೆದಿದೆ. ಅವನು 1962ರ ಆಗಸ್ಟ್ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡ. ಸ್ಟಾನ್ ಲೀ ಬರೆದವರು, ಸ್ಟೀವ್ ಡಿಟ್ಕೊ ಚಿತ್ರ ಬರೆದವರು. ಮೊದಲು ಯೋಚಿಸಿದವನೇ ಸೃಷ್ಟಿಕರ್ತ ಅನ್ನುವುದು ಲೀ ಅವರ ನಂಬಿಕೆ. ಕಾಗದದ ಮೇಲೆ ರೂಪ ಪಡೆಯುವವರೆಗೆ ಯೋಚನೆ ಬರೀ ಯೋಚನೆ ಅನ್ನುವುದು ಡಿಟ್ಕೊ ಪಟ್ಟು. 1999ರಲ್ಲಿ ಲೀ ಒಂದು ಬಹಿರಂಗ ಪತ್ರ ಬರೆದು, ಡಿಟ್ಕೊ ಅವರನ್ನು ತಾನು ಯಾವಾಗಲೂ ಸಹಸೃಷ್ಟಿಕರ್ತ ಎಂದೇ ಪರಿಗಣಿಸಿದ್ದೇನೆ ಅಂದರು. ಡಿಟ್ಕೊಗೆ ಆ ‘ಪರಿಗಣಿಸಿದ್ದೇನೆ’ ಕೂಡ ಸಾಲಲಿಲ್ಲ. ಇಬ್ಬರೂ 2018ರಲ್ಲಿ ತೀರಿಕೊಂಡರು.

ತುಮಕೂರಿನಲ್ಲಿ ಇದು ತಿರುಗುಮುರುಗಾಗಿತ್ತು. ಅಲ್ಲಿ ಹೆಸರು ಮೊದಲು ಯೋಚಿಸಿದೆ ಅಂದವರ ಕಡೆಗಿತ್ತು. ಇಲ್ಲಿ ಬರೆದವನಿಗೆ ಹೆಸರು ಬಂದಿತ್ತು, ಮೊದಲು ಯೋಚಿಸಿದ ತಂಗಿಗೆ ಇರಲಿಲ್ಲ. ಹಾಗಾಗಿ ಲೀ ಹೇಳಿದಂತೆ ಹೋದರೆ ಪಾತ್ರ ತಂಗಿಯದು. ಡಿಟ್ಕೊ ಹೇಳಿದಂತೆ ಹೋದರೆ, ಅವಳ ಯೋಚನೆ ಕಾಗದದ ಮೇಲೆ ಎಷ್ಟರಮಟ್ಟಿಗೆ ಇತ್ತು ಅಂತ ನೋಡಬೇಕು. ನೋಟ್‌ಬುಕ್ ತರಿಸಿದರು.

ನೋಟ್‌ಬುಕ್‌ನಲ್ಲಿ ಏನಿತ್ತು

ಸಾಧಾರಣ ಉದ್ದ ನೋಟ್‌ಬುಕ್. ಮುಂದಿನಿಂದ ವಿಜ್ಞಾನದ ನೋಟ್ಸ್, ಹಿಂದಿನಿಂದ ಕಥೆ. ಒಂದು ಪುಟದಲ್ಲಿ ಪೆನ್ಸಿಲ್ ಚಿತ್ರ. ಅಟ್ಟಕ್ಕೆ ಒರಗಿಸಿದ ಏಣಿ, ಮೇಲೆ ಕಾಯಿಯ ರಾಶಿ, ರಾಶಿಯ ಪಕ್ಕ ಮಂಡಿಯೂರಿ ಕೂತ ಎರಡು ಜಡೆಯ ಹುಡುಗಿ. ಅವಳ ಕಿವಿಯಿಂದ ಸಣ್ಣ ಸಣ್ಣ ಗೆರೆಗಳು ಒಂದೊಂದು ಕಾಯಿಗೂ ಹೋಗಿವೆ. ಕೆಲವು ಗೆರೆ ನೇರ, ಕೆಲವು ಅಂಕುಡೊಂಕು. ಪಕ್ಕದಲ್ಲಿ ಬರೆದಿದ್ದಾಳೆ: ನೇರ ಗೆರೆ ಆಗಿದ್ದು, ಡೊಂಕು ಗೆರೆ ಕೆಟ್ಟಿದ್ದು. ಕೆಳಗೆ ‘ಗಿಟುಕು’ ಎಂದು ಹೆಸರು. ಅದರ ಕೆಳಗೆ ಮೂರು ಸಾಲು:

‘ಇವಳಿಗೆ ಒಳಗಿಂದು ಕೇಳಿಸುತ್ತೆ. ಹಾರಕ್ಕೆ ಬರಲ್ಲ. ಸುಳ್ಳು ಹೇಳಿದ್ರೆ ಗೊತ್ತಾಗಲ್ಲ, ಯಾಕಂದ್ರೆ ಸುಳ್ಳು ಬಾಯಲ್ಲಿ ಇರುತ್ತೆ, ಒಳಗೆ ಇರಲ್ಲ.’

ಆ ಮೂರನೆಯ ಸಾಲು ಓದಿ ನಾನು ಸ್ವಲ್ಪ ಹೊತ್ತು ಪುಟ ತಿರುಗಿಸಲಿಲ್ಲ. ಹೈಸ್ಕೂಲು ಹುಡುಗಿ ಬರೆದದ್ದು ಅದು. ಕಥೆ ನಿಂತಿರುವುದೇ ಆ ಸಾಲಿನ ಮೇಲೆ.

ಅಣ್ಣನ ಕಂಪ್ಯೂಟರಿನಲ್ಲಿ ಕಥೆಯ ಹಳೆಯ ಪ್ರತಿಗಳೂ ಇದ್ದವು. ಅವನು ಯಾವುದನ್ನೂ ಅಡಗಿಸಲಿಲ್ಲ, ತಾನೇ ತೆಗೆದು ತೋರಿಸಿದ. ಮೊದಲ ಪ್ರತಿಯಲ್ಲಿ ಸೋಗೆಗೆ ಸುಳ್ಳೂ ಕೇಳಿಸುತ್ತಿತ್ತು. ಮಿಸ್ಟೀರಿಯೊ ಬಾಯಿ ತೆರೆದ ಕೂಡಲೇ ಸಿಕ್ಕಿಬೀಳುತ್ತಿದ್ದ, ಕಥೆ ಮೂರೇ ಪುಟಕ್ಕೆ ಮುಗಿಯುತ್ತಿತ್ತು. ಆಮೇಲೆ ತಂಗಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಒಂದು ವಾಯ್ಸ್ ಮೆಸೇಜ್ ಇದೆ. ಹಿಂದೆ ಕುಕ್ಕರ್ ಕೂಗುವುದು ಕೇಳಿಸುತ್ತದೆ. ‘ಅಣ್ಣಾ, ಅವಳಿಗೆ ಸುಳ್ಳು ಗೊತ್ತಾಗಬಾರ್ದು ಅಂದಿದ್ನಲ್ಲ. ಎಲ್ಲಾ ಗೊತ್ತಾದ್ರೆ ಅವಳು ದೇವ್ರು ಆಗ್ಬಿಡ್ತಾಳೆ. ನಂಗೆ ದೇವ್ರು ಬೇಡ.’ ಎರಡನೆಯ ಪ್ರತಿಯಲ್ಲಿ ಅಣ್ಣ ಅದನ್ನು ಬದಲಾಯಿಸಿದ್ದಾನೆ. ಅವನು ಒಳ್ಳೆಯ ಬರಹಗಾರ ಅನ್ನುವುದಕ್ಕೆ ಇದೂ ಸಾಕ್ಷಿ. ಮಾತು ಕೇಳಿದ, ಅದರ ಬೆಲೆ ತಿಳಿದ, ಆ ಸುಳ್ಳಿನ ದೃಶ್ಯವನ್ನು ತಾನೇ ಕಟ್ಟಿದ. ತಂಗಿಯ ನೋಟ್‌ಬುಕ್‌ನಲ್ಲಿ ಆ ದೃಶ್ಯ ಇಲ್ಲ.

ಸೂಪರ್‌ಹೀರೋ ಆಗುವುದು ಶಕ್ತಿಯಿಂದಲ್ಲ, ಮಿತಿಯಿಂದ. ಈ ಕಥೆಗಳನ್ನು ಜಾಸ್ತಿ ಓದಿದವರೆಲ್ಲ ಇದನ್ನು ಒಪ್ಪುತ್ತಾರೆ. ಸೂಪರ್‌ಮ್ಯಾನ್ 1938ರಲ್ಲಿ ಹುಟ್ಟಿದಾಗ ಕ್ರಿಪ್ಟೊನೈಟ್, ಅಂದರೆ ಅವನ ಶಕ್ತಿ ಕುಗ್ಗಿಸುವ ಕಲ್ಲು, ಇರಲಿಲ್ಲ. ಅದು ಬಂದದ್ದು 1943ರಲ್ಲಿ, ಅದೂ ಕಾಮಿಕ್ಸ್‌ನಲ್ಲಲ್ಲ, ರೇಡಿಯೋ ಧಾರಾವಾಹಿಯಲ್ಲಿ. ಇವತ್ತು ಕ್ರಿಪ್ಟೊನೈಟ್ ಇಲ್ಲದ ಸೂಪರ್‌ಮ್ಯಾನ್‌ನನ್ನು ಯಾರು ನೆನೆಸಿಕೊಳ್ಳುತ್ತಾರೆ? ಪಾತ್ರದ ಪ್ರಾಣದಂಥ ಒಂದು ಭಾಗ ಮೊದಲು ಹೆಸರು ಪಡೆದವರ ಕೈಯಿಂದಲೇ ಬರಬೇಕು ಅಂತಿಲ್ಲ.

ಬ್ಯಾಟ್‌ಮ್ಯಾನ್ ಕಥೆಯಂತೂ ಇನ್ನೂ ಹತ್ತಿರದ್ದು. 1939ರಲ್ಲಿ ಬಾಬ್ ಕೇನ್ ಮೊದಲು ಬರೆದ ಚಿತ್ರದಲ್ಲಿ ಕೆಂಪು ಬಟ್ಟೆ, ಕಣ್ಣಿಗಷ್ಟೇ ಮುಖವಾಡ, ಬೆನ್ನಿಗೆ ಗಡಸು ರೆಕ್ಕೆ ಇತ್ತು. ಬಾವಲಿ ಕಿವಿಯ ಮುಸುಕು ಹಾಕು, ರೆಕ್ಕೆ ಬದಲು ಮೇಲಂಗಿ ಇರಲಿ, ಬಣ್ಣ ಮಂಕಾಗಿರಲಿ ಎಂದು ಹೇಳಿದವರು ಬಿಲ್ ಫಿಂಗರ್. ಬ್ರೂಸ್ ವೇನ್ ಎಂಬ ಹೆಸರು, ಗಾಥಮ್ ಎಂಬ ಊರು ಅವರು ಕೊಟ್ಟದ್ದೇ. ಆದರೂ ‘ಸೃಷ್ಟಿ’ ಸಾಲಿನಲ್ಲಿ ಕೇನ್ ಹೆಸರೊಂದೇ ಬರುತ್ತಿತ್ತು. ಫಿಂಗರ್ 1974ರಲ್ಲಿ ತೀರಿಕೊಂಡರು. ಅವರ ಹೆಸರು ಆ ಸಾಲಿಗೆ ಸೇರಿದ್ದು 2015ರಲ್ಲಿ. ಅದಕ್ಕೂ ಮೊದಲು, 2005ರಲ್ಲಿ, ಕಾಮಿಕ್ಸ್ ಬರಹಗಾರರಿಗೆ ಅವರ ಹೆಸರಿನಲ್ಲೇ ಒಂದು ಪ್ರಶಸ್ತಿ ಶುರುವಾಗಿತ್ತು. ಸಭೆಯಲ್ಲಿ ಇದನ್ನು ಹೇಳಿದವಳು ಚಿತ್ರ ಬರೆದ ವಿದ್ಯಾರ್ಥಿನಿ. ‘ಆ ಸಾಲು ಬರೆದ ಕೈ ನಂದು. ನಾನೇ ತಿದ್ದುತ್ತೀನಿ, ನಲವತ್ತು ವರ್ಷ ಕಾಯೋದು ಬೇಡ’ ಅಂದಳು.

ತೀರ್ಮಾನ

ಬಳಗ ಎರಡು ಪ್ರಶಸ್ತಿಗಳನ್ನು ಬೇರೆ ಬೇರೆ ಮಾಡಿ ನೋಡಿತು. ‘ಒಳ್ಳೆಯ ಕಥೆ’ ಅಣ್ಣನದು, ಅದರಲ್ಲಿ ಪಾಲಿಲ್ಲ. ‘ಒಳ್ಳೆಯ ಹೊಸ ಪಾತ್ರ’ ಇಬ್ಬರದು. ಚಿತ್ರದ ಕೆಳಗಿನ ಸಾಲು ಬದಲಾಯಿತು: ಕಲ್ಪನೆ ತಂಗಿ, ಹೆಸರು ಮತ್ತು ಬರವಣಿಗೆ ಅಣ್ಣ. ಚಿತ್ರದ ಎರಡನೆಯ ಪ್ರತಿ ತಿಪಟೂರಿಗೆ ಹೋಯಿತು. ಅದರಲ್ಲಿ ಆ ವಿದ್ಯಾರ್ಥಿನಿ ಸೋಗೆಯ ಕಿವಿಯಿಂದ ಹೊರಡುವ ನೇರ ಗೆರೆ, ಡೊಂಕು ಗೆರೆಗಳನ್ನೂ ಸೇರಿಸಿದ್ದಾಳೆ.

ತಂಗಿಯ ಹೆಸರು ಮೊದಲು ಬರಬೇಕಾ ಎಂಬುದಕ್ಕೆ ಒಂದು ಸಂಜೆ ಪೂರ್ತಿ ಚರ್ಚೆಯಾಯಿತು. ಬಂದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಕಾಗದದ ಮೇಲೆ ಮೊದಲು ಬಂದವಳು ಅವಳ ಗಿಟುಕು. ತಾತನ ಅಟ್ಟ ಇಬ್ಬರದೂ ಹೌದು, ಆದರೆ ಅಟ್ಟದಿಂದ ಒಬ್ಬ ಹುಡುಗಿಯನ್ನು ಕಂಡವಳು ತಂಗಿ. ಬಳಗ ಮಾಡಿದ ಒಂದು ಕೆಲಸ ಮಾತ್ರ ನನಗೆ ಸರಿ ಕಾಣಲಿಲ್ಲ. ಬದಲಾವಣೆಯನ್ನು ಮೊದಲು ಸದ್ದಿಲ್ಲದೆ ಮಾಡಿದರು, ಕಾರಣ ಹೇಳಲಿಲ್ಲ. ಅಣ್ಣ ಕದ್ದಿರಬೇಕು ಎಂಬ ಗುಸುಗುಸು ಕೆಲವು ದಿನ ಓಡಾಡಿತು. ಅವನಿಗೆ ಅದರಿಂದ ತುಂಬಾ ನೋವಾಯಿತು. ಸಾಕ್ಷಿಯನ್ನೆಲ್ಲ ತಾನೇ ತಂದುಕೊಟ್ಟ ಹುಡುಗ ಅವನು. ಕಾರಣವನ್ನು ಅವತ್ತೇ ಎಲ್ಲರ ಮುಂದೆ ಓದಬೇಕಿತ್ತು.

ಈ ಬಳಗದ ಪ್ರತಿಯೊಂದು ಕಥೆಯ ತಲೆಯ ಮೇಲೆ ಒಂದು ಸಾಲು ಇರುತ್ತದೆ: ಸ್ಪೈಡರ್‌ಮ್ಯಾನ್ ಮಾರ್ವೆಲ್‌ನವರ ಪಾತ್ರ, ಲೀ ಮತ್ತು ಡಿಟ್ಕೊ ಅವರ ಸೃಷ್ಟಿ, ನಾವು ದುಡ್ಡಿಗೆ ಮಾರುತ್ತಿಲ್ಲ. ಎಲ್ಲೋ ನ್ಯೂಯಾರ್ಕಿನಲ್ಲಿ ಹುಟ್ಟಿದ ಪಾತ್ರದ ಋಣವನ್ನು ಇಷ್ಟು ನಿಯತ್ತಾಗಿ ಒಪ್ಪಿಕೊಳ್ಳುವ ಬರವಣಿಗೆ ಇದು. ಹಾಗಿರುವಾಗ ತಾತನ ಮನೆಯ ಅಟ್ಟದಲ್ಲಿ ಕೂತ ಹುಡುಗಿಯ ಋಣವನ್ನು ಬಿಡಲು ಬರುವುದಿಲ್ಲ. ಫ್ಯಾನ್ ಫಿಕ್ಷನ್ ಪ್ರಶಸ್ತಿ ಕೊಡುವವರಿಗೆ ಈ ಜವಾಬ್ದಾರಿ ಬೇರೆ ಪ್ರಶಸ್ತಿಗಳವರಿಗಿಂತ ಜಾಸ್ತಿ ಇದೆ ಎಂದು ನಾನು ನಂಬಿದ್ದೇನೆ.

ಈಗ

ಅರ್ಜಿ ಬದಲಾಗಿದೆ. ಮೊದಲು ಒಬ್ಬರ ಹೆಸರಿಗಷ್ಟೇ ಜಾಗ ಇತ್ತು. ಈಗ ಪಾತ್ರದ ಪ್ರಶಸ್ತಿಗೆ ಬೇರೆ ಹಾಳೆ. ಪಾತ್ರ ಮೊದಲು ಯಾರಿಗೆ ಹೊಳೆಯಿತು, ಹೆಸರಿಟ್ಟವರು ಯಾರು, ಅದರ ಶಕ್ತಿ ಮತ್ತು ಮಿತಿ ಯಾರ ಮಾತಿನಿಂದ ಬಂತು, ನಿಮ್ಮ ಕಥೆ ಓದಿ ಏನನ್ನಾದರೂ ಬದಲಾಯಿಸಿ ಎಂದವರು ಯಾರು, ಹೀಗೆ ಕೇಳುತ್ತಾರೆ. ತುಂಬಲು ಬೇಸರ ಅಂತ ಕೆಲವರು ಗೊಣಗುತ್ತಾರೆ. ಆದರೆ ಈ ಹಾಳೆ ಬಂದ ಮೇಲೆ ಅರ್ಜಿಗಳಲ್ಲಿ ಅಜ್ಜಿಯರ, ರೂಮ್‌ಮೇಟ್‌ಗಳ, ಒಬ್ಬ ಕಂಡಕ್ಟರ್‌ನ ಹೆಸರು ಬಂದಿದೆ ಎಂದು ಮೇಡಂ ಹೇಳಿದರು.

ಒಂದು ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಬಳಗದ ಸಭೆಯಲ್ಲಿ ಎಲ್ಲರೂ ಕೂತು ಹರಟುವಾಗ ಹುಟ್ಟುವ ಪಾತ್ರಗಳಿವೆ. ಅದಕ್ಕೆ ಯಾರ ಹೆಸರು? ಎಲ್ಲರದೂ ಹಾಕಿದರೆ ಸಾಲಿಗೆ ಬೆಲೆ ಇರುವುದಿಲ್ಲ, ಒಬ್ಬರದೇ ಹಾಕಿದರೆ ಮತ್ತೆ ತಕರಾರು. ಸಭೆಯಲ್ಲಿ ಹೊಳೆದದ್ದನ್ನು ಅಲ್ಲೇ ಒಂದು ಪುಸ್ತಕದಲ್ಲಿ ಬರೆದಿಡೋಣ ಎಂದು ಸದ್ಯಕ್ಕೆ ಮಾಡಿಕೊಂಡಿದ್ದಾರೆ. ಮುಂದಿನ ಸುತ್ತಿನ ಅರ್ಜಿ ಬಂದಾಗ ಅದು ಎಷ್ಟು ನಡೆಯುತ್ತದೆ ಗೊತ್ತಾಗುತ್ತದೆ.

ಅಣ್ಣ ಸೋಗೆಯ ಎರಡನೆಯ ಕಥೆ ಶುರು ಮಾಡಿದ್ದಾನೆ. ತಂಗಿ ಈ ಸಲ ಷರತ್ತು ಹಾಕಿದ್ದಾಳೆ. ಸೋಗೆಗೆ ಹಾರಲು ಬರಬಾರದು. ಅವಳು ಊರು ಬಿಟ್ಟು ನ್ಯೂಯಾರ್ಕಿಗೆ ಹೋಗಬಾರದು, ಬೇಕಾದರೆ ಪೀಟರ್ ಪಾರ್ಕರ್ ಇನ್ನೊಂದು ಸಲ ಬರಲಿ. ಮತ್ತೆ, ಮಿಸ್ಟೀರಿಯೊನ ಮಾತು ನಂಬಿ ಮೋಸಹೋದದ್ದನ್ನು ಸೋಗೆ ಮರೆತಿರಬಾರದು. ಮೊದಲ ಎರಡಕ್ಕೆ ಅಣ್ಣ ಒಪ್ಪಿದ್ದಾನೆ. ಮೂರನೆಯದಕ್ಕೆ ಇಬ್ಬರೂ ಇನ್ನೂ ಚರ್ಚೆ ಮಾಡುತ್ತಿದ್ದಾರೆ.